ಪ್ರಯಾಣದಲ್ಲಿ ಪ್ರೊಪೇನ್ ಫ್ರಿಜ್: ಉರಿಯಲು ಬಿಡಬೇಕೇ, ಸಿಲಿಂಡರ್ ಮುಚ್ಚಬೇಕೇ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಈಚೆಗೆ ಹಳೆಯ ಟ್ರಾವೆಲ್ ಟ್ರೇಲರ್ (ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿ) ಒಂದನ್ನು ಕೊಂಡೆವು. ಜುಲೈನಲ್ಲಿ ಅದನ್ನು ಎಳೆದುಕೊಂಡು ನಾರ್ತ್ ಕ್ಯಾರೊಲಿನಾದ ಔಟರ್ ಬ್ಯಾಂಕ್ಸ್ ಕಡಲತೀರಕ್ಕೆ ಹೋಗಬೇಕೆಂದಿದ್ದೇವೆ. ಊಟ, ವಿಶ್ರಾಂತಿ ಸೇರಿ ದಾರಿಯಲ್ಲಿ ಹತ್ತು ಗಂಟೆಯಾದರೂ ಆಗುತ್ತದೆ. ಫ್ರಿಜ್‌ನಲ್ಲಿ ದೋಸೆ ಹಿಟ್ಟು, ಮೊಸರು, ಮಕ್ಕಳ ಹಾಲು, ಮಸಾಲೆ ಹಚ್ಚಿದ ಕೋಳಿ, ಜೊತೆಗೆ ನಮ್ಮ ಅತ್ತೆಯವರ ಇನ್ಸುಲಿನ್ ಇರುತ್ತದೆ. ಟ್ರೇಲರ್ ಮಾರಿದವರು, ‘ಫ್ರಿಜ್ಜನ್ನು ಗ್ಯಾಸ್ ಮೇಲೆ ಹಾಕಿಕೊಂಡೇ ಓಡಿಸಿ, ಎಲ್ಲರೂ ಹಾಗೆಯೇ ಮಾಡುವುದು’ ಎಂದರು. ನನ್ನ ಗಂಡ ಒಪ್ಪುತ್ತಿಲ್ಲ. ಯಾರು ಹೇಳುವುದು ಸರಿ?

ಉತ್ತರ: ನಿಮ್ಮ ಗಂಡ ಹೇಳುವುದು ಸರಿ. ಇಂಥ ಟ್ರೇಲರ್‌ನ ಫ್ರಿಜ್ ವಿದ್ಯುತ್ತಿನಿಂದಲೂ ನಡೆಯುತ್ತದೆ, ಪ್ರೊಪೇನ್ ಗ್ಯಾಸಿನ ಜ್ವಾಲೆಯಿಂದಲೂ ನಡೆಯುತ್ತದೆ. ಹಾಗೆಂದು ಮಾರಿದವರು ಸುಳ್ಳು ಹೇಳಿಲ್ಲ. ಅಮೆರಿಕದಲ್ಲಿ ಬಹಳ ಜನ ಫ್ರಿಜ್ಜನ್ನು ಗ್ಯಾಸ್ ಮೇಲೆಯೇ ಬಿಟ್ಟು ನೂರಾರು ಮೈಲಿ ಓಡಿಸುತ್ತಾರೆ. ಆರ್‌ವಿಯ (ಟ್ರೇಲರ್, ಮೋಟರ್‌ಹೋಮ್‌ನಂಥ ಮನೆಗಾಡಿಗಳಿಗೆ ಅಮೆರಿಕದ ಹೆಸರು) ಫ್ರಿಜ್ ಚಲಿಸುವಾಗ ಉರಿಯಬಾರದೆಂದು ಇಡೀ ದೇಶಕ್ಕೆ ಅನ್ವಯಿಸುವ ಕಾನೂನೂ ಇಲ್ಲ. ಹೆಚ್ಚಿನವರು ಏನೂ ಆಗದೆ ಊರು ಸೇರುತ್ತಾರೆ. ಏನಾದರೂ ಆಗುವ ಆ ಅಪರೂಪದ ದಿನಕ್ಕೆ ಸಿದ್ಧರಾಗಲು ನೀವು ಮಾಡಬೇಕಾದದ್ದು ತೀರಾ ಚಿಕ್ಕ ಕೆಲಸವಾದ್ದರಿಂದಲೇ ನಾನು ‘ಸಿಲಿಂಡರ್ ಮುಚ್ಚಿ ಹೊರಡಿ’ ಎನ್ನುತ್ತೇನೆ. ಆರ್‌ವಿಗಳ ಗ್ಯಾಸ್ ವ್ಯವಸ್ಥೆಯನ್ನು ಪರೀಕ್ಷಿಸಿ ದುರಸ್ತಿ ಮಾಡುವುದೇ ನನ್ನ ವೃತ್ತಿ. ಈ ಮಾತಿನಲ್ಲಿ ನನಗೆ ಅನುಮಾನವಿಲ್ಲ.

ಈ ಚರ್ಚೆ ಬಂದಾಗಲೆಲ್ಲ ಜನ ಫ್ರಿಜ್‌ನ ಜ್ವಾಲೆಯ ಬಗ್ಗೆ ಮಾತಾಡುತ್ತಾರೆ. ಟ್ರೇಲರ್‌ನ ಹೊರಗೋಡೆಯಲ್ಲಿ, ಫ್ರಿಜ್‌ನ ಬೆನ್ನಿಗೆ, ಸೀಳುಗಳಿರುವ ಒಂದು ಮುಚ್ಚಳವಿದೆ. ಅದನ್ನು ತೆಗೆದು ಬಗ್ಗಿ ನೋಡಿ. ತಗಡಿನ ಪುಟ್ಟ ಗೂಡಿನೊಳಗೆ ಬೆರಳ ತುದಿಯಷ್ಟು ನೀಲಿ ಜ್ವಾಲೆ ಸದ್ದಿಲ್ಲದೆ ಉರಿಯುತ್ತಿರುತ್ತದೆ. ಅದು ಗಂಟೆಗೆ ಬಳಸುವುದು ಸುಮಾರು 1,500 ಬಿಟಿಯು (ಶಾಖದ ಒಂದು ಅಳತೆ) ಶಾಖವನ್ನು ಮಾತ್ರ. 20 ಪೌಂಡ್ ಸಿಲಿಂಡರ್ ಒಂದೇ ಆ ಫ್ರಿಜ್ಜನ್ನು ಹತ್ತು ದಿನಕ್ಕೂ ಹೆಚ್ಚು ಕಾಲ ನಡೆಸಬಲ್ಲದು. ಜ್ವಾಲೆಯ ಪಕ್ಕದಲ್ಲೇ ಥರ್ಮೋಕಪಲ್ ಎಂಬ ಲೋಹದ ಕಡ್ಡಿಯೋ ಅಥವಾ ಅದೇ ಕೆಲಸದ ಬೇರೊಂದು ಸಂವೇದಕವೋ ಇರುತ್ತದೆ. ಗಾಳಿಗೆ ಜ್ವಾಲೆ ಆರಿದರೆ ಅದು ಬರ್ನರ್‌ಗೆ ಬರುವ ಗ್ಯಾಸನ್ನು ತಾನಾಗಿ ನಿಲ್ಲಿಸುತ್ತದೆ. ಆದ್ದರಿಂದ ಜ್ವಾಲೆ ಆರಿ ಟ್ರೇಲರ್ ತುಂಬ ಗ್ಯಾಸ್ ಹರಡೀತು ಎಂಬ ಭಯಕ್ಕೆ ಹೆಚ್ಚು ಆಧಾರವಿಲ್ಲ.

ನನಗೆ ಚಿಂತೆಯಿರುವುದು ನೆಲದಡಿಯ ಕೊಳವೆಯ ಬಗ್ಗೆ. ಟ್ರೇಲರ್‌ನ ಮುಂದಿನ ಮೂಗಿನ ಮೇಲೆ ಕುಳಿತ ಸಿಲಿಂಡರ್‌ಗಳಿಂದ ಹಿಂದಿನ ಫ್ರಿಜ್, ಒಲೆ, ಹೀಟರ್‌ವರೆಗೆ ಕಬ್ಬಿಣದ ಪೈಪು, ತಾಮ್ರದ ನಳಿಕೆ, ಕೆಲವೆಡೆ ರಬ್ಬರ್ ಹೋಸು ಸಾಗುತ್ತವೆ. ಅವೆಲ್ಲ ಬಹುಪಾಲು ಹೊಟ್ಟೆಯಡಿಯಲ್ಲಿ, ಚಕ್ರಗಳ ಹತ್ತಿರದಲ್ಲೇ ಹಾದುಹೋಗುತ್ತವೆ. ಜುಲೈ ಬಿಸಿಲಿನಲ್ಲಿ ಕಾದ ಹೆದ್ದಾರಿಯಲ್ಲಿ ಹಳೆಯ ಟೈರು ಸಿಡಿದರೆ ಗಾಳಿ ಹೋಗುವುದಷ್ಟೇ ಅಲ್ಲ. ಹರಿದ ರಬ್ಬರಿನ ಪಟ್ಟಿ, ಒಳಗಿನ ಉಕ್ಕಿನ ತಂತಿಗಳ ಸಮೇತ, ಚಕ್ರದ ವೇಗದಲ್ಲಿ ಬೀಸುತ್ತ ಮೇಲಿನ ತಗಡನ್ನು ಬಡಿಯುತ್ತದೆ. ಹಾಗೆ ಟೈರು ಸಿಡಿದ ಟ್ರೇಲರ್‌ನ ಅಡಿಯಲ್ಲಿ ಮಲಗಿ ನೋಡಿದವರಿಗೆ ಆ ಬಡಿತದ ಬಲ ಗೊತ್ತಿರುತ್ತದೆ: ಚಕ್ರದ ಮೇಲಿನ ನೆಲಹಾಸು ಕಿತ್ತಿರುತ್ತದೆ, ವಿದ್ಯುತ್ ತಂತಿಗಳು ಜೋಲಾಡುತ್ತಿರುತ್ತವೆ, ಗ್ಯಾಸ್ ಪೈಪು ಹಾದುಹೋಗಿದ್ದರೆ ಅದು ಬಾಗಿರುತ್ತದೆ ಅಥವಾ ಜೋಡಣೆಯಲ್ಲಿ ಬಿರಿದಿರುತ್ತದೆ. ತಂತಿ ಹರಿದಲ್ಲಿ ಕಿಡಿ, ಪೈಪು ಬಿರಿದಲ್ಲಿ ಗ್ಯಾಸ್, ಎರಡೂ ಒಂದೇ ಜಾಗದಲ್ಲಿ.

ಆ ಗಳಿಗೆಯಲ್ಲಿ ಸಿಲಿಂಡರ್‌ನ ವಾಲ್ವ್ ಮುಚ್ಚಿದ್ದರೆ ಕೊಳವೆಯಲ್ಲಿ ಉಳಿದಿದ್ದ ಅಲ್ಪ ಗ್ಯಾಸ್ ಹೊರಗೆ ಹೋಗಿ ಮುಗಿಯುತ್ತದೆ. ತೆರೆದಿದ್ದರೆ ಸಿಲಿಂಡರ್ ಬರಿದಾಗುವವರೆಗೂ ಗ್ಯಾಸ್ ಬರುತ್ತಲೇ ಇರುತ್ತದೆ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅದು ಮೇಲೇರಿ ಚದುರಿಹೋಗದೆ ತಗ್ಗಿನಲ್ಲಿ, ನೆಲಕ್ಕೆ ಅಂಟಿ ಕೂರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ 2ರಷ್ಟಾದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

‘ಸಿಲಿಂಡರ್‌ನಲ್ಲೇ ಸುರಕ್ಷತಾ ವಾಲ್ವ್ ಇದೆಯಲ್ಲ, ಪೈಪು ಒಡೆದರೆ ಅದು ಮುಚ್ಚಿಕೊಳ್ಳುತ್ತದೆ’ ಎಂದು ಮಾರಿದವರು ಹೇಳಬಹುದು. ಅರ್ಧ ನಿಜ. ಗ್ಯಾಸಿನ ಹರಿವು ಮಿತಿ ಮೀರಿದಾಗ ತಡೆಯುವ ಒಂದು ಸಾಧನ ಅಲ್ಲಿ ಇದೆ. ಅದು ಕೆಲಸ ಮಾಡುವುದು ಪೈಪು ಪೂರ್ತಿ ತುಂಡಾಗಿ ಗ್ಯಾಸ್ ಭೋರ್ಗರೆದಾಗ ಮಾತ್ರ. ನಿಮ್ಮ ಟ್ರೇಲರ್‌ನ ಫರ್ನೇಸ್, ನೀರಿನ ಹೀಟರ್, ಒಲೆಯ ಬರ್ನರ್‌ಗಳು ಎಲ್ಲವೂ ಒಟ್ಟಿಗೆ ಉರಿಯುವಾಗ ಬೇಕಾಗುವಷ್ಟು ಗ್ಯಾಸನ್ನು ಅದು ಬಿಡಲೇಬೇಕಲ್ಲ? ಪೈಪಿನ ಸೀಳಿನಿಂದ ಹೋಗುತ್ತಿರುವ ಗ್ಯಾಸ್ ಅಷ್ಟರೊಳಗೇ ಇದ್ದರೆ, ಒಳಗೆ ಯಾರೋ ಅಡುಗೆ ಮಾಡುತ್ತಿದ್ದಾರೆ ಎಂದೇ ಅದರ ಲೆಕ್ಕ. ಬಿರುಕು, ಸಡಿಲ ಜೋಡಣೆ, ಚಪ್ಪಟೆಯಾದ ಪೈಪಿನ ಸೋರಿಕೆ ಇವೆಲ್ಲ ಅದರ ಕಣ್ಣಿಗೆ ಬೀಳುವುದಿಲ್ಲ.

ಟ್ರೇಲರ್ ವಿಷಯದಲ್ಲಿ ಇನ್ನೊಂದು ಮಾತಿದೆ. ಅದನ್ನು ಯಾರೂ ಸಾಕಷ್ಟು ಒತ್ತಿ ಹೇಳುವುದಿಲ್ಲ ಎಂದು ನನಗೆ ಅನಿಸುತ್ತದೆ. ಓಡುವಾಗ ಟ್ರೇಲರ್‌ನ ಒಳಗೆ ಯಾರೂ ಇರುವುದಿಲ್ಲ. ಎಳೆಯುವಾಗ ಟ್ರಾವೆಲ್ ಟ್ರೇಲರ್‌ನಲ್ಲಿ ಜನ ಕೂರುವುದನ್ನು ಅನೇಕ ರಾಜ್ಯಗಳು ನಿಷೇಧಿಸಿವೆ. ನಿಷೇಧ ಇಲ್ಲದ ಕಡೆಯೂ ಕೂರಬಾರದು. ಹಾಗಾಗಿ ಗ್ಯಾಸ್ ವಾಸನೆ ಮೂಗಿಗೆ ಬಡಿಯುವವರಿಲ್ಲ, ಸೋರಿಕೆ ಪತ್ತೆಯ ಅಲಾರಾಂ ಕೂಗಿದರೆ ಕೇಳುವವರಿಲ್ಲ. ಟ್ರೇಲರ್‌ನ ಹಿಂಭಾಗದಲ್ಲಿ ಬೆಂಕಿ ಕಾಣಿಸಿಕೊಂಡರೆ ಮುಂದಿನ ಗಾಡಿಯ ಚಾಲಕನಿಗೆ ಅದು ತಿಳಿಯುವುದು ಪಕ್ಕದ ಲೇನಿನವರು ಹಾರ್ನ್ ಹೊಡೆದು ಕೈ ಬೀಸಿದಾಗಲೇ. ಅಷ್ಟರಲ್ಲಿ ಎದುರುಗಾಳಿ ಅದನ್ನು ಚೆನ್ನಾಗಿ ಊದಿರುತ್ತದೆ. ಎಂಜಿನ್ ಸೇರಿಯೇ ಇರುವ ಮನೆಗಾಡಿ ಮೋಟರ್‌ಹೋಮ್‌ನಲ್ಲಿ ಹೋಗುವವರಿಗೆ ಕನಿಷ್ಠ ಮೂಗು ಕಿವಿಗಳ ನೆರವಿದೆ. ನಿಮಗೆ ಅದೂ ಇಲ್ಲ.

ಫ್ರಿಜ್ ಬಗ್ಗೆಯೂ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಇದು ಮನೆಯ ಫ್ರಿಜ್‌ನಂತೆ ಕಂಪ್ರೆಸರ್ ಇರುವ ಯಂತ್ರವಲ್ಲ. 1922ರಲ್ಲಿ ಸ್ಟಾಕ್‌ಹೋಮ್‌ನ ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟೆರ್ಸ್ ಎಂಬ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಂಡುಹಿಡಿದ ಸೊಗಸಾದ ವಿಧಾನವಿದು. ಅಮೋನಿಯಾ, ನೀರು, ಹೈಡ್ರೋಜನ್ ಮೂರನ್ನೂ ಉಕ್ಕಿನ ಕೊಳವೆಗಳಲ್ಲಿ ಬಂಧಿಸಿ, ಕೆಳಗಿನಿಂದ ಶಾಖ ಕೊಟ್ಟರೆ ಮೇಲೆ ತಂಪಾಗುತ್ತದೆ. ತಿರುಗುವ ಭಾಗ ಒಂದೂ ಇಲ್ಲ. ಶಾಖವನ್ನು ಗ್ಯಾಸಿನಿಂದ ಕೊಡಬಹುದು, ವಿದ್ಯುತ್ತಿನಿಂದಲೂ ಕೊಡಬಹುದು. ಇಂಥ ಹಳೆಯ ಫ್ರಿಜ್‌ಗಳಲ್ಲಿ ಆದ ಬೆಂಕಿ ಅನಾಹುತಗಳನ್ನೆಲ್ಲ ಪ್ರೊಪೇನ್ ತಲೆಗೆ ಕಟ್ಟುವುದು ನ್ಯಾಯವಲ್ಲ. 2006ರಲ್ಲಿ ಡೊಮೆಟಿಕ್ ಕಂಪನಿ ಸುಮಾರು ಒಂಬತ್ತು ಲಕ್ಷ ಫ್ರಿಜ್‌ಗಳನ್ನು ಸರಿಪಡಿಸಲು ಹಿಂದಕ್ಕೆ ಕರೆದದ್ದು ಅವುಗಳ ಬಾಯ್ಲರ್ ಕೊಳವೆಯಲ್ಲಿ ಬಿರುಕು ಬಿಡುವ ಸಾಧ್ಯತೆಗಾಗಿ. ನಾರ್‌ಕೋಲ್ಡ್ ಕಂಪನಿಯ ಕೆಲವು ದೊಡ್ಡ ಮಾದರಿಗಳೂ ಬೆಂಕಿಯ ಅಪಾಯಕ್ಕಾಗಿ ಹೀಗೆ ವಾಪಸಾತಿಗೆ ಒಳಗಾಗಿವೆ. ನಿಮ್ಮದು ಹಳೆಯ ಟ್ರೇಲರ್ ಆದ್ದರಿಂದ ಫ್ರಿಜ್‌ನ ಬಾಗಿಲ ಒಳಬದಿಯ ಚೀಟಿಯಲ್ಲಿರುವ ಮಾದರಿ ಮತ್ತು ಕ್ರಮಸಂಖ್ಯೆಯನ್ನು ತಯಾರಕರ ವಾಪಸಾತಿ ಪಟ್ಟಿಯೊಂದಿಗೆ ಹೋಲಿಸಿ ನೋಡಿ. ದೋಷವಿರುವ ಫ್ರಿಜ್ ವಿದ್ಯುತ್ತಿನ ಮೇಲೆ ಇದ್ದರೂ ಅಪಾಯಕಾರಿಯೇ.

ಇನ್ನು ಪೆಟ್ರೋಲ್ ಬಂಕ್. ಚಾಲೂ ಇರುವ ಜ್ವಾಲೆ ನಿಜವಾಗಿ ನನ್ನನ್ನು ಹೆದರಿಸುವ ಒಂದೇ ಸ್ಥಳ ಅದು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ನೆಲದ ಮೇಲೆ ಹರಿಯುತ್ತ ದೂರ ಹೋಗುತ್ತದೆ. ಫ್ರಿಜ್‌ನ ಸೀಳುಮುಚ್ಚಳವೋ ನೆಲಕ್ಕೆ ಹತ್ತಿರದಲ್ಲಿ, ನೇರ ಹೊರಗಾಳಿಗೆ ತೆರೆದುಕೊಂಡಿದೆ. ಪಂಪಿನ ಬಳಿ ನಿಂತ ಮೇಲೆ ಆರಿಸುವುದು ತಡವಾದಂತೆ. ಬಂಕಿನ ಒಳಕ್ಕೆ ತಿರುಗುವ ಮೊದಲೇ ಎಲ್ಲ ಜ್ವಾಲೆಗಳೂ ಆರಿರಬೇಕು. ದಾರಿಯಲ್ಲಿ ಇಂಧನಕ್ಕೆ ನಿಲ್ಲುವಾಗಲೆಲ್ಲ, ಹಿಂದಿನ ಸೀಟಿನಲ್ಲಿ ಮಕ್ಕಳು ಬಾತ್‌ರೂಮಿಗೆ ಅವಸರ ಮಾಡುತ್ತಿರುವಾಗ, ಯಾರಿಗೆ ಇದು ನೆನಪಿರುತ್ತದೆ? ಮನೆಯಲ್ಲೇ ಮುಚ್ಚಿ ಹೊರಟರೆ ನೆನಪಿಡುವ ಪ್ರಮೇಯವೇ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಬಹುತೇಕ ಫ್ರಿಜ್‌ಗಳಲ್ಲಿ ‘ಆಟೊ’ ಎಂಬ ಗುಂಡಿ ಇರುತ್ತದೆ. ಮನೆಯ ಕರೆಂಟಿಗೆ ಸಿಕ್ಕಿಸಿದ್ದಾಗ ಅದು ವಿದ್ಯುತ್ತಿನ ಮೇಲೆ ನಡೆಯುತ್ತದೆ. ನೀವು ಹೊರಡುವಾಗ ಪ್ಲಗ್ ಕಿತ್ತ ಕೂಡಲೇ, ನಿಮ್ಮನ್ನು ಕೇಳದೆ, ಗ್ಯಾಸಿಗೆ ಬದಲಾಗಿ ತಾನೇ ಕಿಡಿ ಹಾರಿಸಿ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಆನ್ ಮಾಡಿಲ್ಲ ಎಂದು ನಂಬಿ ಓಡಿಸುವವರಲ್ಲಿ ಎಷ್ಟೋ ಮಂದಿಯ ಫ್ರಿಜ್ ವಾಸ್ತವದಲ್ಲಿ ಉರಿಯುತ್ತಿರುತ್ತದೆ. ಸಿಲಿಂಡರ್ ಮಾತ್ರ ಮುಚ್ಚಿ ಫ್ರಿಜ್ಜನ್ನು ಆಟೊದಲ್ಲಿ ಬಿಟ್ಟರೂ ಆಗದು. ಕೊಳವೆಯಲ್ಲಿ ಉಳಿದ ಗ್ಯಾಸಿನಲ್ಲಿ ಸ್ವಲ್ಪ ಹೊತ್ತು ಉರಿದು, ಮುಗಿದ ಮೇಲೆ ಮತ್ತೆ ಹೊತ್ತಿಸಲು ಕಿಡಿ ಹಾರಿಸುತ್ತದೆ. ಹಾಗಾಗಿ ಎರಡು ಕೆಲಸ: ಒಳಗೆ ಫ್ರಿಜ್‌ನ ಗುಂಡಿಯನ್ನು ಪೂರ್ತಿ ಆಫ್ ಮಾಡಿ, ಹೊರಗೆ ಸಿಲಿಂಡರ್‌ನ ವಾಲ್ವನ್ನು ಕೈಯಿಂದ ತಿರುಗಿಸಿ ಮುಚ್ಚಿ. ನಿಮ್ಮ ಟ್ರೇಲರ್‌ಗೆ ಎರಡು ಸಿಲಿಂಡರ್‌ಗಳಿದ್ದರೆ ನಡುವೆ ಒಂದು ಮುಗಿದಾಗ ಇನ್ನೊಂದಕ್ಕೆ ತಾನಾಗಿ ಹೊರಳುವ ರೆಗ್ಯುಲೇಟರ್ ಇರುವ ಸಾಧ್ಯತೆ ಹೆಚ್ಚು. ಒಂದನ್ನು ಮುಚ್ಚಿ ಇನ್ನೊಂದನ್ನು ಮರೆತರೆ ಏನೂ ಮುಚ್ಚಿದಂತಾಗಲಿಲ್ಲ.

ನಿಮ್ಮ ದಾರಿಯ ಮಾತಿಗೆ ಬಂದರೆ, ವಾದಕ್ಕೆ ಅವಕಾಶವೇ ಉಳಿಯುವುದಿಲ್ಲ. ಡೆಲವೇರ್ ಮೂಲಕ ರೂಟ್ 13 ಹಿಡಿದು ದಕ್ಷಿಣಕ್ಕೆ ಇಳಿದರೆ ವರ್ಜೀನಿಯಾದ ಮುಖ್ಯ ಭೂಭಾಗಕ್ಕೆ ದಾಟಲು ಚೆಸಪೀಕ್ ಬೇ ಬ್ರಿಜ್-ಟನಲ್ ಸಿಗುತ್ತದೆ. 1964ರಲ್ಲಿ ತೆರೆದ ಈ ದಾರಿ ಸುಮಾರು 28 ಕಿಲೋಮೀಟರ್ ಉದ್ದ. ನಡುವೆ ಎರಡು ಕಡೆ ರಸ್ತೆ ಕೊಲ್ಲಿಯ ತಳಕ್ಕೆ ಸುರಂಗವಾಗಿ ಇಳಿಯುತ್ತದೆ, ಹಡಗುಗಳು ತಲೆಯ ಮೇಲೆ ಸಾಗುತ್ತವೆ. ಅಲ್ಲಿ ಆರ್‌ವಿಯ ಪ್ರೊಪೇನ್‌ಗೆ ಅನುಮತಿಯುಂಟು, ಆದರೆ ಮಿತಿಯೊಳಗಿನ ಪ್ರಮಾಣದಲ್ಲಿ ಮತ್ತು ವಾಲ್ವ್ ಮುಚ್ಚಿರಬೇಕೆಂಬ ನಿಯಮದೊಂದಿಗೆ. ಅದರ ಬದಲು ಬಾಲ್ಟಿಮೋರ್ ಮೇಲೆ ಹೋಗುತ್ತೇವೆ ಎಂದರೆ ಇನ್ನೂ ಬಿಗಿ. ಅಲ್ಲಿನ ಹಾರ್ಬರ್ ಟನಲ್, ಫೋರ್ಟ್ ಮೆಕ್‌ಹೆನ್ರಿ ಟನಲ್ ಎರಡರಲ್ಲೂ ನಿಮ್ಮಂಥ ಸಿಲಿಂಡರ್‌ಗಳಿಗೆ ಪ್ರವೇಶವೇ ಇಲ್ಲ, ಮುಚ್ಚಿದ್ದರೂ ಇಲ್ಲ. ಮೊದಲು ಆರ್‌ವಿಯವರು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಮೇಲೆ ಹೋಗುತ್ತಿದ್ದರು. 2024ರ ಮಾರ್ಚ್ 26ರಂದು ಸರಕು ಹಡಗು ಬಡಿದು ಅದು ಕುಸಿದ ಮೇಲೆ, ಊರನ್ನು ಸುತ್ತಿಹೋಗುವ 695 ಹೆದ್ದಾರಿಯ ಪಶ್ಚಿಮದ ಭಾಗವೇ ದಾರಿ. ಕಾರಿನ ಮ್ಯಾಪ್ ನಿಮ್ಮನ್ನು ಸುರಂಗಕ್ಕೇ ಕರೆದೊಯ್ಯುತ್ತದೆ. ಅದಕ್ಕೆ ಸಿಲಿಂಡರ್ ಇರುವುದು ಗೊತ್ತಿಲ್ಲ. (ಸಿಯಾಟಲ್ ಕಡೆಯ ಓದುಗರಿಗೆ ಒಂದು ಮಾತು: ವಾಷಿಂಗ್ಟನ್ ರಾಜ್ಯದ ಫೆರಿಗಳಲ್ಲಿಯೂ ಪ್ರೊಪೇನ್ ಮುಚ್ಚಿರಬೇಕು.)

ಯುರೋಪಿನಲ್ಲಿರುವ ಸಂಬಂಧಿಕರು ‘ನಾವು ಓಡುವಾಗಲೂ ಹೀಟರ್ ಹಾಕುತ್ತೇವೆ’ ಎಂದರೆ ಗೊಂದಲ ಬೇಡ. ಅಲ್ಲಿ 2007ರಿಂದ ಹೊಸ ವಾಹನಗಳಲ್ಲಿ ಚಲಿಸುವಾಗ ಗ್ಯಾಸ್ ಹೀಟರ್ ಬಳಸಬೇಕಾದರೆ ಪೈಪು ಒಡೆದಾಗ ಗ್ಯಾಸ್ ಕಡಿಯುವ ಸುರಕ್ಷತಾ ಸಾಧನ ಕಡ್ಡಾಯ. ಅಪಘಾತದ ಹೊಡೆತವನ್ನು ಗ್ರಹಿಸಿ ತಾನೇ ಮುಚ್ಚಿಕೊಳ್ಳುವ ರೆಗ್ಯುಲೇಟರ್‌ಗಳು ಅಲ್ಲಿ ಸಾಮಾನ್ಯ. ಅಮೆರಿಕದ ಸಾಧಾರಣ ಟ್ರೇಲರ್‌ನಲ್ಲಿ ಅವು ಬರುವುದಿಲ್ಲ.

ಈಗ ನಿಮ್ಮ ದೋಸೆ ಹಿಟ್ಟಿನ ಮಾತು. ಅಮೆರಿಕದ ಕೃಷಿ ಇಲಾಖೆಯ ಪ್ರಕಾರ, ಕರೆಂಟ್ ಹೋದರೂ ಬಾಗಿಲು ತೆರೆಯದ ಫ್ರಿಜ್ ಸುಮಾರು ನಾಲ್ಕು ಗಂಟೆ ಆಹಾರವನ್ನು ಸುರಕ್ಷಿತವಾಗಿ ಇಡುತ್ತದೆ. ತುಂಬಿದ ಫ್ರೀಜರ್‌ಗೆ ಈ ಅವಧಿ 48 ಗಂಟೆ, ಅರ್ಧ ತುಂಬಿದ್ದಕ್ಕೆ 24 ಗಂಟೆ. ಇವು ಮನೆಯ ಫ್ರಿಜ್‌ನ ಲೆಕ್ಕಗಳು. ಟ್ರೇಲರ್‌ನ ಫ್ರಿಜ್ ಚಿಕ್ಕದು, ಗೋಡೆ ತೆಳು. ಹತ್ತು ಗಂಟೆಯ ಜುಲೈ ಪ್ರಯಾಣಕ್ಕೆ ಅದನ್ನೇ ನೆಚ್ಚಿಕೊಳ್ಳಬೇಡಿ. ಒಂದಿಷ್ಟು ತಯಾರಿ ಮಾಡಿದರೆ ಸಾಕು.

ಹೊರಡುವ ಹಿಂದಿನ ದಿನವೇ ಟ್ರೇಲರ್ ಅನ್ನು ಮನೆಯ ಪ್ಲಗ್‌ಗೆ ಸಿಕ್ಕಿಸಿ ಫ್ರಿಜ್ ತಣಿಸಿ. ಈ ಬಗೆಯ ಫ್ರಿಜ್ ತಣಿಯಲು ಅರ್ಧ ದಿನ ಬೇಕು, ಒಳಗೆ ಬಿಸಿ ವಸ್ತು ಇಟ್ಟರೆ ಇನ್ನೂ ಹೆಚ್ಚು. ಇಡುವುದೆಲ್ಲವನ್ನೂ ಮನೆಯ ಫ್ರಿಜ್‌ನಲ್ಲಿ ತಣಿಸಿಯೇ ಇಡಿ. ಕೋಳಿಯನ್ನು ಮಸಾಲೆ ಸಮೇತ ಕಲ್ಲಿನಂತೆ ಹೆಪ್ಪುಗಟ್ಟಿಸಿ ಫ್ರೀಜರ್‌ನಲ್ಲಿ ಇಡಿ; ಸಂಜೆಯವರೆಗೂ ಅದಕ್ಕೆ ಏನೂ ಆಗದು. ನಾಲ್ಕಾರು ನೀರಿನ ಬಾಟಲಿಗಳನ್ನು ಹೆಪ್ಪುಗಟ್ಟಿಸಿ, ಬೆಳಿಗ್ಗೆ ಕೆಳಗಿನ ಅರೆಗಳಲ್ಲಿ ಮೊಸರು, ಹಿಟ್ಟಿನ ನಡುವೆ ಒತ್ತಾಗಿ ಜೋಡಿಸಿ. ಹಿಟ್ಟಿನ ಡಬ್ಬಿಯನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ. ಸ್ವಲ್ಪ ಬೆಚ್ಚಗಾದರೂ ಅದು ಉಕ್ಕಿ ಫ್ರಿಜ್‌ನ ಮೂಲೆಮೂಲೆಗೂ ಹರಡುತ್ತದೆ, ಮುಂದೆ ವರ್ಷವಿಡೀ ಹುಳಿವಾಸನೆ ಬಿಡುವುದಿಲ್ಲ. ದಾರಿಯಲ್ಲಿ ಬೇಕಾಗುವ ಹಾಲು, ಹಣ್ಣು, ಮೊಸರನ್ನವನ್ನು ಬೇರೆ ಐಸ್ ಪೆಟ್ಟಿಗೆಯಲ್ಲಿ ಕಾರಿನಲ್ಲೇ ಇಟ್ಟುಕೊಳ್ಳಿ. ಆಗ ಟ್ರೇಲರ್‌ನ ಫ್ರಿಜ್ ಬಾಗಿಲು ತೆರೆಯುವ ಅಗತ್ಯವೇ ಬರುವುದಿಲ್ಲ. ಒಳಗೊಂದು ಥರ್ಮಾಮೀಟರ್ ಇಡಿ. ತಲುಪಿದಾಗ ಅದು 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಎಲ್ಲವೂ ಕ್ಷೇಮ.

ನಿಮ್ಮ ಫ್ರಿಜ್ ಗ್ಯಾಸ್, ಮನೆಯ ಕರೆಂಟ್, 12 ವೋಲ್ಟ್ ಬ್ಯಾಟರಿ ಮೂರು ಬಗೆಯಲ್ಲೂ ನಡೆಯುವಂಥದ್ದಾದರೆ 12 ವೋಲ್ಟ್ ಗುಂಡಿಯೂ ಇರುತ್ತದೆ. ಓಡುವಾಗ ಅದನ್ನು ಬಳಸಬಹುದು, ತಂಪನ್ನು ಕಾಯ್ದುಕೊಳ್ಳುವಷ್ಟಕ್ಕೆ ಮಾತ್ರ. ಕಾರಿನಿಂದ ಟ್ರೇಲರ್‌ಗೆ ಬರುವ ತಂತಿ ಸಣ್ಣದು, ಶಾಖದ ಸುರುಳಿಗೆ ಕರೆಂಟಿನ ಹಸಿವು ಹೆಚ್ಚು; ಎಂಜಿನ್ ಆರಿಸಿ ಊಟಕ್ಕೆ ಕುಳಿತರೆ ಬ್ಯಾಟರಿ ಬರಿದಾದೀತು. ಮುಂದೊಂದು ದಿನ ಈ ಫ್ರಿಜ್ ಕೆಟ್ಟರೆ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಹಾಕಿಸಿ. ಈಗಿನ ಹೊಸ ಟ್ರೇಲರ್‌ಗಳಲ್ಲಿ ಅದೇ ಹೆಚ್ಚು. ಅದಕ್ಕೆ ಗ್ಯಾಸಿನ ಗೊಡವೆಯೇ ಇಲ್ಲ.

ಅತ್ತೆಯವರ ಇನ್ಸುಲಿನ್ ಮಾತ್ರ ಟ್ರೇಲರ್‌ನಲ್ಲಿ ಇಡಲೇಬೇಡಿ, ಗ್ಯಾಸ್ ಉರಿಯುತ್ತಿರಲಿ ಬಿಡಲಿ. ಈ ಫ್ರಿಜ್‌ಗಳಲ್ಲಿ ಹಿಂಬದಿಯ ಲೋಹದ ರೆಕ್ಕೆಗಳ ಬಳಿ ವಸ್ತುಗಳು ಹೆಪ್ಪುಗಟ್ಟುತ್ತವೆ, ಬಾಗಿಲ ಬಳಿ ಬೆಚ್ಚಗಿರುತ್ತವೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ ಬಳಸುವಂತಿಲ್ಲ. ಬಳಕೆಯಲ್ಲಿರುವ ಹೆಚ್ಚಿನ ಇನ್ಸುಲಿನ್‌ಗಳು ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ನಿಮ್ಮದರ ನಿಖರ ಅವಧಿ ಪೆಟ್ಟಿಗೆಯೊಳಗಿನ ಚೀಟಿಯಲ್ಲಿದೆ, ಔಷಧಾಲಯದಲ್ಲಿಯೂ ಕೇಳಿ. ಇನ್ನೂ ತೆರೆಯದ ಇನ್ಸುಲಿನ್ ಪೆನ್‌ಗಳನ್ನು ಬಟ್ಟೆ ಸುತ್ತಿ, ಐಸ್ ನೇರವಾಗಿ ತಾಗದಂತೆ, ಎಸಿ ಇರುವ ಕಾರಿನಲ್ಲಿ ನಿಮ್ಮ ಜೊತೆಗೇ ಇಟ್ಟುಕೊಳ್ಳಿ. ಕಾರು ನಿಲ್ಲಿಸಿ ಇಳಿದಾಗ ಅದೂ ನಿಮ್ಮೊಂದಿಗೆ ಇಳಿಯಲಿ.

ಶಿಬಿರ ತಲುಪಿ ಟ್ರೇಲರ್ ಸಮತಟ್ಟಾದ ಮೇಲೆ ಸಿಲಿಂಡರ್ ತೆರೆಯುವಾಗ ನಿಧಾನವಾಗಿ ತಿರುಗಿಸಿ. ಒಮ್ಮೆಲೇ ತೆರೆದರೆ ಮೇಲೆ ಹೇಳಿದ ಹರಿವಿನ ತಡೆ ‘ಪೈಪು ಒಡೆದಿದೆ’ ಎಂದು ಮುಚ್ಚಿಕೊಳ್ಳುತ್ತದೆ, ಒಲೆ ಮಿಣಮಿಣ ಎನ್ನುತ್ತದೆ, ಜನ ಗ್ಯಾಸ್ ಖಾಲಿಯಾಯಿತೆಂದು ಸಿಲಿಂಡರ್ ಬದಲಿಸಲು ಓಡುತ್ತಾರೆ. ಹಾಗಾದರೆ ವಾಲ್ವ್ ಮುಚ್ಚಿ, ಸ್ವಲ್ಪ ಹೊತ್ತು ಕಾದು, ಮತ್ತೆ ನಿಧಾನವಾಗಿ ತೆರೆಯಿರಿ. ಮೊದಲು ಒಲೆಯ ಒಂದು ಬರ್ನರ್ ಹೊತ್ತಿಸಿ ಕೊಳವೆಯಲ್ಲಿನ ಗಾಳಿ ಹೊರಹೋಗಲಿ; ಆಮೇಲೆ ಫ್ರಿಜ್.

ಗ್ಯಾಸ್ ಸೋರಿಕೆಯ ಗುರುತಾದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಬಂದು, ಸಿಲಿಂಡರ್ ಮುಚ್ಚಿ, ದೂರ ನಿಂತು 911ಕ್ಕೆ ಕರೆ ಮಾಡಿ. ಸ್ವಿಚ್ ಆರಿಸುವುದರಲ್ಲಿಯೂ ಕಿಡಿ ಇದೆ.

ಕೊನೆಯದಾಗಿ, ಹಳೆಯ ಟ್ರೇಲರ್ ಆದ್ದರಿಂದ ಹೊರಡುವ ಕೆಲವು ವಾರ ಮೊದಲೇ ಒಬ್ಬ ತರಬೇತಿ ಪಡೆದ ತಂತ್ರಜ್ಞರಿಂದ ಗ್ಯಾಸ್ ಕೊಳವೆಯ ಒತ್ತಡ ಪರೀಕ್ಷೆ ಮಾಡಿಸಿ. ಸಿಲಿಂಡರ್‌ನಿಂದ ರೆಗ್ಯುಲೇಟರ್‌ಗೆ ಹೋಗುವ ರಬ್ಬರ್ ಹೋಸನ್ನು ನೀವೇ ಬಾಗಿಸಿ ನೋಡಬಹುದು: ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡರೆ ಬದಲಿಸಿ. ಬೇಸಿಗೆಯಲ್ಲಿ ಅದರೊಳಗಿನ ಒತ್ತಡ ಚದರ ಇಂಚಿಗೆ 100 ಪೌಂಡ್ ಮೀರಿರುತ್ತದೆ. ರೆಗ್ಯುಲೇಟರ್ ದಾಟಿದ ಮೇಲೆ ಅರ್ಧ ಪೌಂಡ್ ಕೂಡ ಇರುವುದಿಲ್ಲ. ಫ್ರಿಜ್‌ನ ಬರ್ನರ್ ಗೂಡಿನಲ್ಲಿ ಜೇಡರ ಬಲೆ, ಕಣಜದ ಮಣ್ಣಿನ ಗೂಡು, ಉದುರಿದ ತುಕ್ಕು ಇರುವುದು ತೀರಾ ಸಾಮಾನ್ಯ. ಜ್ವಾಲೆ ನೀಲಿಯಾಗಿಲ್ಲದೆ ಹಳದಿಯಾಗಿ ಕುಣಿಯುತ್ತಿದ್ದರೆ ಸ್ವಚ್ಛ ಮಾಡಿಸಲೇಬೇಕು. ನೆಲದ ಹತ್ತಿರ ಗೋಡೆಯಲ್ಲಿರುವ ಗ್ಯಾಸ್ ಅಲಾರಾಂ ಅನ್ನು ಬಿಚ್ಚಿ ಹಿಂಬದಿಯ ದಿನಾಂಕ ನೋಡಿ. ಅದರ ಆಯುಷ್ಯ ಸಾಮಾನ್ಯವಾಗಿ ಐದರಿಂದ ಏಳು ವರ್ಷ. ಹಸಿರು ದೀಪ ಉರಿಯುತ್ತಿದ್ದರೂ ಅವಧಿ ಮೀರಿದ್ದರೆ ಹೊಸದನ್ನು ಹಾಕಿಸಿ. ಕಾರ್ಬನ್ ಮಾನಾಕ್ಸೈಡ್ ಅಲಾರಾಂಗೂ ಇದೇ ಮಾತು ಅನ್ವಯಿಸುತ್ತದೆ. ಹಾಗೆಯೇ ಟೈರುಗಳ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯ ತಯಾರಿಕೆಯ ವಾರ, ವರ್ಷವನ್ನೂ ಓದಿ. ಮೇಲೆ ಹೇಳಿದ ಅನಾಹುತ ಶುರುವಾಗುವುದೇ ಅಲ್ಲಿಂದ. ಹೊರಗೆ ಹೊಸದರಂತೆ ಕಾಣುವ ಟೈರು ಹತ್ತು ವರ್ಷ ಹಳೆಯದಾಗಿದ್ದರೆ ಅದರ ಮೇಲೆ ನಾರ್ತ್ ಕ್ಯಾರೊಲಿನಾಕ್ಕೆ ಹೊರಡಬೇಡಿ.